ತೋಟದ ದಾರಿಯಲ್ಲಿ ಸೈಕಲ್ ಸವಾರಿ: ಒಪ್ಪಿಗೆ ಮತ್ತು ಕಸದ ವಿಚಾರ

ಪ್ರಶ್ನೆ (ಸವಾರಿಯ ಆಯೋಜಕರು, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ಸಕಲೇಶಪುರದ ಸುತ್ತಮುತ್ತ ಸುಮಾರು ನೂರು ಮಂದಿಯ ಸೈಕಲ್ ಸವಾರಿಯನ್ನು ನಮ್ಮ ಬಳಗ ಯೋಜಿಸುತ್ತಿದ್ದು, ಕಾಫಿ ತೋಟಗಳ ನಡುವಿನ ಮಣ್ಣುದಾರಿಗಳನ್ನು ಉಪಗ್ರಹ ಚಿತ್ರ ನೋಡಿ ಗುರುತಿಸಿಕೊಂಡಿದ್ದೇವೆ. ಇವುಗಳಲ್ಲಿ ಯಾವುದು ಸಾರ್ವಜನಿಕ, ಯಾವುದು ಖಾಸಗಿ ಎಂದು ತಿಳಿಯುವುದು ಹೇಗೆ? ದಾರಿಯುದ್ದಕ್ಕೂ ಕಸ ಬೀಳದಂತೆ ಯಾವ ಏರ್ಪಾಡು ಮಾಡಬೇಕು?

ಉತ್ತರ 1 (ಭೂದಾಖಲೆಗಳ ಕೆಲಸ ಬಲ್ಲವರು, ಹಾಸನ)

ಉಪಗ್ರಹ ಚಿತ್ರದಲ್ಲಿ ದಾರಿ ಕಂಡ ಮಾತ್ರಕ್ಕೆ ಅಲ್ಲಿ ಓಡಾಡುವ ಹಕ್ಕು ಬರುವುದಿಲ್ಲ. ಒಮ್ಮೆ ಮಾರ್ಗದುದ್ದಕ್ಕೂ ಹೋಗಿ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರುಗಳನ್ನು ಬರೆದುಕೊಂಡು, ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಅವುಗಳ ಪಹಣಿ ನೋಡಿ, ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಅಥವಾ ಕಾಲುದಾರಿಯ ಗುರುತಿದೆಯೇ ಎಂದು ಪರಿಶೀಲಿಸಿ. ನಕಾಶೆಯಲ್ಲಿ ಇಲ್ಲದ, ‘ಬ’ ಖರಾಬು (ರಸ್ತೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನು) ಎಂದು ದಾಖಲಾಗದ ದಾರಿ ಎಷ್ಟೇ ಸವೆದಿದ್ದರೂ ಅದು ಮಾಲೀಕರ ಒಪ್ಪಿಗೆಯ ಮೇಲೆ ನಡೆಯುತ್ತಿದೆ ಎಂದೇ ತಿಳಿಯುವುದು ಕ್ಷೇಮ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಂತೆ ಅತಿಕ್ರಮಣವು ಅಪರಾಧವಾಗಲು ದುರುದ್ದೇಶವಿರಬೇಕು ಎಂಬುದು ನಿಜ. ಆದರೆ ಆ ಮಾತನ್ನು ನೆಚ್ಚಿಕೊಂಡು ನೂರು ಜನರನ್ನು ಒಬ್ಬರ ತೋಟಕ್ಕೆ ನುಗ್ಗಿಸುವುದು ನನಗೆ ಸರಿಕಾಣುವುದಿಲ್ಲ. ದಿನಾಂಕ, ದಾರಿ, ಸವಾರರ ಸಂಖ್ಯೆ ಮೂರನ್ನೂ ನಮೂದಿಸಿದ ಒಪ್ಪಿಗೆಯನ್ನು ಬರಹದಲ್ಲಿಯೇ ಪಡೆಯಿರಿ.

ಉತ್ತರ 2 (ತೋಟದವರು, ಹಾನುಬಾಳು ಕಡೆ)

ಜನವರಿ ನಮಗೆ ಕೊಯ್ಲಿನ ಕಾಲ. ಹಣ್ಣಿನ ಮೂಟೆ ತುಂಬಿದ ಟ್ರ್ಯಾಕ್ಟರುಗಳು ಇಕ್ಕಟ್ಟಾದ ಅದೇ ದಾರಿಗಳಲ್ಲಿ ದಿನವಿಡೀ ಓಡಾಡುತ್ತವೆ, ಕಣದ ತುಂಬ ಕಾಫಿ ಒಣಗುತ್ತಿರುತ್ತದೆ; ಫೋಟೋಕ್ಕಾಗಿ ಸೈಕಲ್ಲನ್ನು ಆ ಕಣದ ಮೇಲೆಯೇ ತಂದು ನಿಲ್ಲಿಸಿದವರನ್ನು ಕಂಡು ಬೇಸರಪಟ್ಟಿದ್ದೇನೆ. ಆದ್ದರಿಂದ ದಯವಿಟ್ಟು ಕೊಯ್ಲು ಮುಗಿದ ಮೇಲಿನ ದಿನವನ್ನು ಆರಿಸಿಕೊಳ್ಳಿ, ಮತ್ತು ತೋಟದ ಲೆಕ್ಕಪತ್ರ ನೋಡುವ ರೈಟರ ಬಳಿ ಒಂದು ಮಾತು ಹೇಳಿ ಹೋಗದೆ ಮಾಲೀಕರನ್ನೇ ಕಂಡು ಕೇಳಿ. ಮುಚ್ಚಿದ್ದ ಗೇಟನ್ನು ದಾಟಿದ ಮೇಲೆ ಮುಚ್ಚಲೇಬೇಕು. ದನ ಒಳಬಂದರೆ ಹೊಸದಾಗಿ ನೆಟ್ಟ ಗಿಡಗಳು ಉಳಿಯುವುದಿಲ್ಲ. ಎಲ್ಲರ ಹಿಂದೆ ಬರುವ ಸ್ವಯಂಸೇವಕರಿಗೆ ಈ ಹೊಣೆ ವಹಿಸಿ. ನಮ್ಮ ಕಡೆ ಆನೆಗಳ ಓಡಾಟವಿರುವುದರಿಂದ ನಸುಕಿನಲ್ಲಿ ಯಾರನ್ನೂ ತೋಟದ ದಾರಿಗೆ ಬಿಡಬೇಡಿ, ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಸಾಡಲು ಬಿಡಬೇಡಿ.

ಉತ್ತರ 3 (ದೂರದ ಸವಾರಿಗಳ ಅಭ್ಯಾಸವಿರುವವರು, ಮೈಸೂರು)

ಕಸದ ವಿಷಯದಲ್ಲಿ ಬಾಟಲಿಗಿಂತ, ಸವಾರರು ಶಕ್ತಿಗಾಗಿ ಸೇವಿಸುವ ಜೆಲ್ ಪೊಟ್ಟಣದ ಹರಿದ ತುದಿಯೇ ನನಗೆ ಹೆಚ್ಚು ಚಿಂತೆಯ ಸಂಗತಿ, ಏಕೆಂದರೆ ಎಲೆಗಳ ನಡುವೆ ಬಿದ್ದ ಆ ಚೂರು ಹಿಂದೆ ಬರುವವರ ಕಣ್ಣಿಗೂ ಬೀಳುವುದಿಲ್ಲ. ತಿನಿಸಿನ ಪೊಟ್ಟಣಗಳ ಮೇಲೆ ಸವಾರರ ಸಂಖ್ಯೆಯನ್ನು ಮೊದಲೇ ಬರೆಸಿ, ನೀರಿಗೆ ಸಣ್ಣ ಬಾಟಲಿಗಳ ಬದಲು 20 ಲೀಟರಿನ ಕ್ಯಾನ್ ಇಡಿ. ನೀರು ಕೊಡುವ ಜಾಗ ದಾಟಿದ ಮೇಲೂ ಒಂದಿಷ್ಟು ದೂರದಲ್ಲಿ ಚೀಲವೊಂದಿರಲಿ; ಜನ ತಿಂದು ಮುಗಿಸುವುದು ಅಲ್ಲಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಕಸ ಎಸೆಯುವುದರ ಮೇಲಿನ ನಿಯಮವನ್ನು ಬಿಗಿಗೊಳಿಸಿದ ಮೇಲೆ, 2021ರ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಅಭಿಮಾನಿಗಳತ್ತ ಬಾಟಲಿ ಎಸೆದ ಸವಾರರನ್ನು ಸ್ಪರ್ಧೆಯಿಂದಲೇ ಹೊರಗಿಡಲಾಯಿತು. ಆ ಶಿಕ್ಷೆ ಅತಿಯಾಯಿತೆಂದು ಕೆಲವೇ ದಿನಗಳಲ್ಲಿ ಸಡಿಲಿಸಿದರು. ನಿಮ್ಮದು ಸ್ಪರ್ಧೆಯಲ್ಲದಿದ್ದರೂ, ಕಸ ಎಸೆದವರಿಗೆ ಮುಂದಿನ ಸವಾರಿಯಲ್ಲಿ ಅವಕಾಶವಿಲ್ಲ ಎಂದು ನೋಂದಣಿ ಪತ್ರದಲ್ಲಿಯೇ ಬರೆಯಿರಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಜನವರಿಯ ದಿನಾಂಕವನ್ನು ಕೈಬಿಡುತ್ತೇವೆ. ಒಪ್ಪಿಗೆ ದೊರೆಯದ ತೋಟವಿರುವಲ್ಲಿ ಮಾರ್ಗವನ್ನು ಪಂಚಾಯಿತಿ ರಸ್ತೆಗೆ ತಿರುಗಿಸುತ್ತೇವೆ. ಹಾನುಬಾಳಿನವರೇ, ಕೊಯ್ಲು ಮುಗಿಯುವ ಹೊತ್ತಿಗೆ ತಮ್ಮ ಊರಿಗೆ ಬಂದು ಮಾಲೀಕರನ್ನು ಕಾಣಬೇಕೆಂದಿದ್ದೇವೆ. ಯಾವ ವಾರ ಅನುಕೂಲವೆಂದು ತಿಳಿಸುವಿರಾ?