ಅಂಗನವಾಡಿ ಮಕ್ಕಳಿಗೆ ಸಿಟ್ಟು, ಹೆದರಿಕೆ ಅರ್ಥ ಮಾಡಿಸುವ ಚಿತ್ರಪುಸ್ತಕ: ಹೇಗೆ ಆರಿಸೋದು, ಹೇಗೆ ಓದೋದು?

ಅಡಿಕೆಹಾಳೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. 3ರಿಂದ 6 ವರ್ಷದವರು ಒಟ್ಟಿಗೇ ಕೂರುವ ಅಂಗನವಾಡಿಗೆ ಭಾವನೆಗಳ ಬಗ್ಗೆ ಚಿತ್ರಪುಸ್ತಕ ಬೇಕಾಗಿದೆ. ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಪುಟಕ್ಕೊಂದು ಮುಖ, ಕೆಳಗೆ ‘ಕೋಪ’, ‘ದುಃಖ’, ‘ಭಯ’ ಅಂತ ಬರೆದಿರುವಂಥದ್ದು. ಮಕ್ಕಳು ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸ್ತಾರೆ. ಆಮೇಲೆ ಚೆಂಡಿಗೆ ಜಗಳ ಬಿದ್ದರೆ ಹೊಡೆಯೋದು, ಕಚ್ಚೋದು ಮೊದಲಿನಂತೆಯೇ. ಮುಖ್ಯವಾಗಿ ಮೂರು ವಿಷಯಕ್ಕೆ ಪುಸ್ತಕ ಬೇಕು: ಜೂನ್‌ನಲ್ಲಿ ಹೊಸದಾಗಿ ಸೇರಿದವರ ಅಳು, ಗುಡುಗಿನ ಹೆದರಿಕೆ, ಮನೆಗೆ ಪಾಪು ಬಂದಮೇಲಿನ ಹಠ. ಕೈಲಿರೋದು 1,500 ರೂಪಾಯಿ. ಇಂಗ್ಲಿಷ್ ಪುಸ್ತಕ ತಂದು ಕನ್ನಡದಲ್ಲಿ ಹೇಳಬಹುದಾ? ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಬರದ ಹಾಗೆ ಇಡೋದು ಹೇಗೆ ಅಂತಲೂ ಹೇಳಿ.

ಕೆಂಜಿರುವೆ

ಮುಖದ ಪುಸ್ತಕ ಕೆಲಸ ಮಾಡದಿರೋದಕ್ಕೆ ಕಾರಣ ಇದೆ. ನಗುವ ಮುಖವನ್ನು ಮೂರು ವರ್ಷದವರು ಸುಲಭವಾಗಿ ಗುರುತಿಸ್ತಾರೆ. ಅಳು, ಸಿಟ್ಟು ಅದರ ನಂತರ. ಹೆದರಿಕೆಯನ್ನೂ ಆಶ್ಚರ್ಯವನ್ನೂ ಐದು ವರ್ಷದವರೂ ಅದಲುಬದಲು ಮಾಡ್ತಾರೆ, ಏಕೆಂದರೆ ಎರಡರಲ್ಲೂ ಕಣ್ಣು ಅಗಲ, ಬಾಯಿ ತೆರೆದಿರುತ್ತೆ. ಬರೀ ಮುಖ ನೋಡಿ ಮಗು ಹೆಸರು ಕಲಿಯುತ್ತೆ, ಅಷ್ಟೇ. ಮೊದಲು ಏನಾಯ್ತು, ಆಗ ಮೈಗೆ ಏನಾಯ್ತು, ಆಮೇಲೆ ಅವನು ಏನು ಮಾಡಿದ, ಈ ಮೂರೂ ಒಂದೇ ಕತೆಯಲ್ಲಿ ಸಿಕ್ಕಿದರೆ ಮಾತ್ರ ಜಗಳದ ಹೊತ್ತಿಗೆ ಏನಾದರೂ ನೆನಪಾಗುತ್ತೆ.

ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಂತು ಅಕ್ಷರಗಳನ್ನು ಕೈಯಿಂದ ಮುಚ್ಚಿ ನೋಡಿ. ಯಾರಿಗೆ ಏನಾಗಿದೆ ಅಂತ ಚಿತ್ರವೊಂದೇ ಹೇಳಬೇಕು. ಮುಷ್ಟಿ, ಮುದುಡಿದ ಭುಜ, ಬಾಗಿಲ ಹಿಂದೆ ಅಡಗಿದ ಕಾಲು, ಹೀಗೆ ಇಡೀ ಮೈ ಕಾಣಬೇಕು. ಇನ್ನೊಂದು ಪರೀಕ್ಷೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ: ಆ ಸಿಟ್ಟೋ ಹೆದರಿಕೆಯೋ ಎಷ್ಟು ಪುಟ ಇರುತ್ತೆ ಅಂತ ಎಣಿಸಿ. ಆರನೇ ಪುಟದಲ್ಲಿ ಸಿಟ್ಟು, ಏಳರಲ್ಲಿ ಅಮ್ಮ ಒಂದು ಮಾತು ಹೇಳಿದ ಕೂಡಲೇ ನಗು ಅಂತಿದ್ದರೆ ಆ ಪುಸ್ತಕ ಬೇಡ. ಸಿಟ್ಟು ಇಳಿಯೋಕೆ ಹೊತ್ತು ಬೇಕು ಅನ್ನೋದೇ ಮಗು ಅಲ್ಲಿ ನೋಡಬೇಕಾದ್ದು. ಕನಿಷ್ಠ ಎರಡು ಮೂರು ಜೋಡಿ ಪುಟ (ಪುಸ್ತಕ ಬಿಡಿಸಿದಾಗ ಎದುರುಬದುರು ಕಾಣುವ ಎರಡು ಪುಟ ಸೇರಿ ಒಂದು ಜೋಡಿ) ಅದು ಉಳಿದಿರಲಿ. ‘ಒಳ್ಳೆ ಮಕ್ಕಳು ಸಿಟ್ಟು ಮಾಡಲ್ಲ’ ಅಂತ ಮುಗಿಯೋ ಪುಸ್ತಕವನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಮಗು ಅದರಿಂದ ಸಿಟ್ಟು ಬಚ್ಚಿಡೋದನ್ನು ಮಾತ್ರ ಕಲಿಯುತ್ತೆ.

ಒಂದು ಪುಸ್ತಕಕ್ಕೆ ಒಂದೇ ಭಾವನೆ ಸಾಕು. 3 ವರ್ಷದವರಿಗೆ ಪುಟಕ್ಕೆ ಒಂದೆರಡು ವಾಕ್ಯ, ಒಟ್ಟು 12-16 ಪುಟ. 5 ವರ್ಷದವರು 24 ಪುಟದವರೆಗೂ ಕೂರ್ತಾರೆ. ‘ಖುಷಿಯೂ ಇದೆ, ಬೇಜಾರೂ ಇದೆ’ ಅನ್ನೋ ಥರದ ಪುಸ್ತಕ ಏಳೆಂಟು ವರ್ಷಕ್ಕೆ. ಆದರೆ ಪಾಪು ಬಂದ ಮನೆಯ ಪುಸ್ತಕ ಹೆಚ್ಚಾಗಿ ಇಲ್ಲೇ ಎಡವುತ್ತೆ: ಅಣ್ಣನಿಗೆ ಪಾಪು ಕಂಡರೆ ಪ್ರೀತಿ, ಜೊತೆಗೇ ಹೊಟ್ಟೆಕಿಚ್ಚು ಅಂತ ಒಂದೇ ಪುಟದಲ್ಲಿ ತೋರಿಸಿಬಿಡ್ತಾರೆ. ನಾಲ್ಕು ವರ್ಷದ ಮಗುವಿಗೆ ಮೊದಲು ಹೊಟ್ಟೆಕಿಚ್ಚು, ನಾಲ್ಕು ಪುಟ ಆದಮೇಲೆ ಪ್ರೀತಿ ಅಂತ ಬಿಡಿಬಿಡಿಯಾಗಿ ಬಂದರೇ ತಿಳಿಯೋದು.

ತುಂಗಾತೀರ

ಆಯ್ಕೆ ಬಗ್ಗೆ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಓದೋ ಕ್ರಮಕ್ಕೆ ಬರ್ತೇನೆ, ಪುಸ್ತಕ ಚೆನ್ನಾಗಿದ್ದೂ ಕೆಡೋದು ಹೆಚ್ಚಾಗಿ ಇಲ್ಲೇ.

ಮಗು ಅಳ್ತಾ, ಒದೀತಾ ಇರುವಾಗ ಪುಸ್ತಕ ತೆಗೆಯಲೇಬೇಡಿ. ಆಗ ಅದಕ್ಕೆ ಮಾತು ಕಿವಿಗೆ ಹೋಗೋದಿಲ್ಲ, ಮೇಲಾಗಿ ಪುಸ್ತಕ ಅಂದರೆ ಶಿಕ್ಷೆ ಅನ್ನಿಸಿಬಿಡ್ತದೆ. ಎಲ್ಲರೂ ಸಮಾಧಾನವಾಗಿರುವ ಹೊತ್ತು ನೋಡಿ, ಐದಾರು ಮಕ್ಕಳನ್ನು ಮಾತ್ರ ಕೂರಿಸಿಕೊಳ್ಳಿ. ಇಡೀ ಅಂಗನವಾಡಿಗೆ ಒಂದೇ ಸಲ ಓದಿದರೆ ಹಿಂದೆ ಕೂತವರಿಗೆ ಕಾಣೋದು ರಟ್ಟು ಮಾತ್ರ. ಪುಸ್ತಕವನ್ನು ತೊಡೆ ಮೇಲಿಡದೆ ಭುಜದ ಪಕ್ಕ, ಮಕ್ಕಳ ಕಣ್ಣಿನ ಎತ್ತರಕ್ಕೆ ಹಿಡೀರಿ.

ಮೊದಲ ದಿನ ಒಂದೂ ಪ್ರಶ್ನೆ ಕೇಳದೆ ಪೂರ್ತಿ ಓದಿ ಮುಗಿಸಿ. ಎರಡನೇ ದಿನ ಮೂರು ಕಡೆ ಮಾತ್ರ ನಿಲ್ಲಿ. ಉದಾಹರಣೆಗೆ, ಬಾಗಿಲ ಹಿಂದೆ ನಿಂತ ಹುಡುಗಿ ಸೆರಗಿನಂಚು ಹಿಡಿದಿದ್ದಾಳೆ, ಒಂದೇ ಕಣ್ಣು ಕಾಣ್ತಿದೆ ಅಂತಿಟ್ಟುಕೊಳ್ಳಿ. ‘ಇವಳಿಗೆ ಹೆದರಿಕೆ ಆಗಿದೆ ಅಲ್ವಾ?’ ಅಂದರೆ ಎಲ್ಲರೂ ಒಟ್ಟಿಗೆ ‘ಹೌದು’ ಅಂತಾರೆ, ಅಲ್ಲಿಗೆ ಮುಗೀತು. ‘ಇವಳು ಯಾಕೆ ಇಲ್ಲಿ ನಿಂತಿದ್ದಾಳೆ?’ ಅಂತ ಕೇಳಿ, ಮನಸ್ಸಲ್ಲೇ ನಿಧಾನಕ್ಕೆ ಎಂಟರವರೆಗೆ ಎಣಿಸಿ. ಈ ಸುಮ್ಮನಿರೋದೇ ಎಲ್ಲಕ್ಕಿಂತ ಕಷ್ಟ, ಆದರೆ ಮೂರು ವರ್ಷದ ಮಗುವಿಗೆ ಮಾತು ಜೋಡಿಸೋಕೆ ಅಷ್ಟು ಹೊತ್ತು ಬೇಕೇ ಬೇಕು. ಮಗು ‘ಅಲ್ಲಿ ಮಾಮ’ ಅಂದರೆ ಅದನ್ನೇ ಸ್ವಲ್ಪ ಹಿಗ್ಗಿಸಿ ಹೇಳಿ: ‘ಹೌದು, ಗುರುತಿಲ್ಲದ ಮಾಮ ಬಂದ್ರು. ಅವಳಿಗೆ ಹೆದರಿಕೆ ಆಯ್ತು, ಸೆರಗು ಗಟ್ಟಿ ಹಿಡ್ಕೊಂಡ್ಳು.’ ಮಗು ತಪ್ಪು ಹೇಳಿದರೂ ‘ಅಲ್ಲ’ ಅನ್ನಬೇಡಿ, ‘ಎಲ್ಲಿ ಕಾಣ್ತು ನಿಂಗೆ?’ ಅಂತ ಕೇಳಿ. ಎಷ್ಟೋ ಸಲ ನಾವು ಗಮನಿಸದ ಮೂಲೆಯೊಂದನ್ನು ಅದು ತೋರಿಸ್ತದೆ. ಕೇಳಿ, ಕಾದು, ಮಗುವಿನ ಮಾತನ್ನೇ ಬೆಳೆಸುವ ಈ ವಿಧಾನವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಜೊತೆಗಾರರು 1988ರಲ್ಲೇ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ.

ಮೂರನೇ ದಿನದಿಂದ ಪುಟ ತಿರುಗಿಸೋದು ನೀವು, ಕತೆ ಹೇಳೋದು ಮಕ್ಕಳು. ಒಂದೇ ಪುಸ್ತಕ ವಾರವಿಡೀ ಇರಲಿ, ಬೇಸರ ಬರೋದು ನಮಗೇ ಹೊರತು ಅವರಿಗಲ್ಲ.

ಎಲ್ಲದಕ್ಕಿಂತ ಕೆಟ್ಟ ತಪ್ಪು ‘ನೋಡು, ನೀನೂ ಹೀಗೇ ಕಚ್ತೀಯಲ್ಲ’ ಅನ್ನೋದು. ಎಲ್ಲರೂ ತಿರುಗಿ ಆ ಮಗುವನ್ನೇ ನೋಡ್ತಾರೆ, ಅದು ಆ ಪುಸ್ತಕವನ್ನು ಮತ್ತೆ ಮುಟ್ಟೋದಿಲ್ಲ. ಪುಸ್ತಕದ ಹುಡುಗನ ಬಗ್ಗೆ ಮಾತ್ರ ಮಾತಾಡಿ. ತನಗೆ ಹೋಲಿಸಿಕೊಳ್ಳೋದು ಮಗುವಿನ ಕೆಲಸ.

ಇಂಗ್ಲಿಷ್ ಪುಸ್ತಕ ಧಾರಾಳವಾಗಿ ತನ್ನಿ, ಆದರೆ ಓದ್ತಾ ಓದ್ತಾ ಅನುವಾದ ಮಾಡಬೇಡಿ, ಮಾತು ತಡವರಿಸಿ ಮಕ್ಕಳ ಗಮನ ಚಿತ್ರದಿಂದ ನಿಮ್ಮ ಮುಖಕ್ಕೆ ಬರ್ತದೆ. ಮೊದಲೇ ಚೀಟಿ ಬರೆದು ಪುಟಕ್ಕೆ ಅಂಟಿಸಿ, ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ: ಸಿಟ್ಟು, ಹೆದರಿಕೆ, ಅಳು, ಖುಷಿ. ಮೊದಲ ತಿಂಗಳಿಗೆ ಈ ನಾಲ್ಕು ಸಾಕು. ನಾಚಿಕೆ, ಹೊಟ್ಟೆಕಿಚ್ಚು, ಹೆಮ್ಮೆ ಆಮೇಲೆ.

ಗೊರಬು (ತೀರ್ಥಹಳ್ಳಿ)

1,500 ರೂಪಾಯಿ ಪೂರ್ತಿ ಅಂಗಡಿಗೆ ಹಾಕಬೇಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು, ಪರವಾನಗಿಯೇ ಹಾಗಿದೆ. ಬರೆದವರ, ಚಿತ್ರ ಬಿಡಿಸಿದವರ ಹೆಸರಿರುವ ಕೊನೆಯ ಪುಟವನ್ನು ಮಾತ್ರ ಬಿಡದೆ ಹಾಕಿ. ಓದಿನ ನಾಲ್ಕು ಹಂತಗಳಿವೆ, ನಿಮ್ಮ ಚಿಕ್ಕ ಮಕ್ಕಳಿಗೆ ಹಂತ 1, ಅವರಲ್ಲೇ ದೊಡ್ಡವರಿಗೆ ಹಂತ 2.

ಗುಡುಗಿನ ಪುಸ್ತಕ ನೀವೇ ಮಾಡಿ. ಕಂಬಳಿ, ಹೆಂಚಿನ ಮನೆ, ಅಡಿಕೆ ತೋಟ ಇರುವ ಚಿತ್ರ ಬೇಕಲ್ಲ. ನಾಲ್ಕು ಎ4 ಹಾಳೆ ಮಡಚಿದರೆ 16 ಪುಟ: ಮುಂದೆ ಹಿಂದೆ ರಕ್ಷಾಪುಟ, ನಡುವೆ ಏಳು ಜೋಡಿ ಪುಟ. ಹೊರಗಿನ ಹಾಳೆಯ ಒಂದು ಮಗ್ಗುಲಿಗೆ ಎಡಕ್ಕೆ ಪುಟ 16, ಬಲಕ್ಕೆ ಪುಟ 1, ಇನ್ನೊಂದಕ್ಕೆ 2 ಮತ್ತು 15. ಎರಡನೆಯದಕ್ಕೆ 14-3, 4-13. ಮೂರನೆಯದಕ್ಕೆ 12-5, 6-11. ಒಳಗಿನದಕ್ಕೆ 10-7, 8-9. ಗುಂಪಿಗೆ ತೋರಿಸೋಕಾದರೆ ಎ3 ಹಾಳೆ ತಗೊಳ್ಳಿ. ಒಳಪುಟ 130 ಜಿಎಸ್ಎಂ (ಕಾಗದ ಎಷ್ಟು ದಪ್ಪ ಅನ್ನೋದರ ಅಳತೆ), ಹೊರಗಿನ ಹಾಳೆ 250.

ಏಳು ಜೋಡಿ ಪುಟ ಹೀಗಿರಲಿ. ಮೋಡ ಕವಿದು ಕೋಳಿಗಳು ಗೂಡಿಗೆ ಹೋಗುತ್ತವೆ. ಮಿಂಚು. ಗುಡುಗು, ಕರೆಂಟ್ ಹೋಯ್ತು, ಮಗು ಕಂಬಳಿಯೊಳಗೆ. ನಾಲ್ಕನೆಯದರಲ್ಲಿ ಏನೂ ನಡೆಯಬಾರದು: ಕಂಬಳಿ, ಹೊರಗೆ ಕಾಣುವ ಐದು ಕಾಲ್ಬೆರಳು, ‘ಎದೆ ಡಬ ಡಬ’ ಅನ್ನೋ ಮಾತು, ಅಷ್ಟೇ. ಐದರಲ್ಲಿ ಅಜ್ಜಿ ಬಂದು ಪಕ್ಕ ಕೂರ್ತಾರೆ, ‘ಹೆದರಬೇಡ’ ಅನ್ನೋದಿಲ್ಲ. ಆರರಲ್ಲಿ ಮಿಂಚು ಕಂಡಮೇಲೆ ಇಬ್ಬರೂ ಎಣಿಸ್ತಾರೆ, ಒಂದು, ಎರಡು, ಮೂರು, ಆಮೇಲೆ ಗುಡುಗು. ಮುಂದಿನ ಸಲ ಎಣಿಕೆ ಇನ್ನೂ ಉದ್ದ. (ಶಬ್ದಕ್ಕೆ ಒಂದು ಕಿಲೋಮೀಟರ್ ಬರೋಕೆ ಸುಮಾರು ಮೂರು ಸೆಕೆಂಡ್ ಬೇಕು, ಎಣಿಕೆ ಉದ್ದವಾದಷ್ಟೂ ಮಿಂಚು ದೂರ.) ಏಳರಲ್ಲಿ ಬರೀ ಮಳೆ, ಮಗು ತಲೆ ಹೊರಗೆ ಹಾಕಿದೆ, ಕೈ ಮಾತ್ರ ಇನ್ನೂ ಅಜ್ಜಿಯ ಸೆರಗಿನಲ್ಲಿ.

ಮಗು ಅಂಗಳಕ್ಕೆ ಓಡಿ ಕುಣಿಯುವ ಚಿತ್ರದಿಂದ ಮುಗಿಸಬೇಡಿ. ಸಿಡಿಲಿಗೆ ಹೆದರೋದು ಸರಿಯೇ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಹೋಗಬಾರದು, ಮರದಡಿಯಂತೂ ನಿಲ್ಲಲೇಬಾರದು. ಹೆದರಿಕೆ ಓಡಿಸುವ ಉತ್ಸಾಹದಲ್ಲಿ ಅಪಾಯ ಕಲಿಸಿಬಿಡೋದು ಬೇಡ. ಇನ್ನೊಂದು ಮಾತು, ನಮ್ಮಲ್ಲಿ ಗುಡುಗು ಜೋರಿರೋದು ಜಡಿಮಳೆಯಲ್ಲಲ್ಲ, ಏಪ್ರಿಲ್-ಮೇ ಸಂಜೆ ಮಳೆಯಲ್ಲಿ, ಮತ್ತೆ ಅಕ್ಟೋಬರ್ ಸುಮಾರಿಗೆ. ಮಾರ್ಚ್‌ನಲ್ಲೇ ಓದಿ ಮುಗಿಸಿದರೆ ಮಕ್ಕಳಿಗೆ ಎಣಿಸೋದು ರೂಢಿಯಾಗಿರುತ್ತೆ.

ಪಿನ್ ಹೊಡೆಯಬೇಡಿ, ಆಷಾಢ ಮುಗಿಯೋದರೊಳಗೆ ತುಕ್ಕು ಹಿಡಿದು ಹಾಳೆ ಕಂದುತ್ತೆ. ಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ನೂಲಿನಿಂದ ಹೊಲಿಯಿರಿ. ಇಂಕ್‌ಜೆಟ್ ಬಣ್ಣ ಒದ್ದೆ ಕೈ ತಗುಲಿದರೆ ಹರಡುತ್ತೆ, ಲೇಸರ್ ಪ್ರಿಂಟ್ ಹಾಕಿಸಿ. ಲ್ಯಾಮಿನೇಷನ್ ಹೊರಗಿನ ಹಾಳೆಗೆ ಮಾತ್ರ, ಒಳಪುಟಕ್ಕೂ ಮಾಡಿಸಿದರೆ ಕಿಟಕಿ ಬೆಳಕು ಹೊಳೆದು ಅರ್ಧ ಮಕ್ಕಳಿಗೆ ಚಿತ್ರವೇ ಕಾಣೋದಿಲ್ಲ. ಗೋಡೆಗೆ ತಾಗಿದ ಕಪಾಟು ಬಿಟ್ಟು, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಒದ್ದೆ ಪುಸ್ತಕ ಒಣಗುವವರೆಗೆ ಅದರೊಳಗೆ ಹಾಕಬೇಡಿ, ಬೂಸ್ಟು ಉಳಿದದ್ದಕ್ಕೂ ಹಬ್ಬುತ್ತೆ.

ಅಡಿಕೆಹಾಳೆ

ತುಂಬಾ ಉಪಕಾರವಾಯ್ತು. ಇನ್ನೊಂದು ಅಳುಕು. ಹೆದರಿಕೆಯ ಪುಟ ನೋಡಿ ಒಂದು ಮಗು ಎಲ್ಲರೆದುರು ‘ಅಪ್ಪ ಕುಡಿದು ಬಂದು ಹೊಡೀತಾರೆ’ ಅಂತ ಹೇಳಿಬಿಟ್ಟರೆ ಏನು ಮಾಡೋದು?

ತುಂಗಾತೀರ

ಇದಕ್ಕೆ ಓದುವ ಮೊದಲೇ ಸಿದ್ಧರಿರಬೇಕು, ಕೇಳಿದ್ದು ಒಳ್ಳೇದಾಯ್ತು. ಗುಂಪಿನಲ್ಲಿ ಕೆದಕಬೇಡಿ, ಪುಟವನ್ನು ಗಡಿಬಿಡಿಯಲ್ಲಿ ತಿರುಗಿಸಲೂಬೇಡಿ. ‘ಹೇಳಿದ್ದು ಒಳ್ಳೇದಾಯ್ತು ಪುಟ್ಟ, ಆಮೇಲೆ ನಾವಿಬ್ಬರೇ ಮಾತಾಡೋಣ’ ಅಂದು ಓದು ಮುಂದುವರಿಸಿ. ಆಮೇಲೆ ಪಕ್ಕ ಕೂರಿಸಿಕೊಂಡು ಅದು ಹೇಳಿದಷ್ಟು ಮಾತ್ರ ಕೇಳಿ. ‘ಬೆಲ್ಟಿನಿಂದ ಹೊಡೆದ್ರಾ?’ ಅಂತ ನೀವೇ ಮಾತು ಹಾಕಿಕೊಡಬೇಡಿ, ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಮಗುವಿನ ಮಾತನ್ನು ಇದ್ದ ಹಾಗೇ, ತಾರೀಕು ಹಾಕಿ ಬರೆದಿಟ್ಟು ಅದೇ ದಿನ ಮೇಲ್ವಿಚಾರಕಿಗೆ ತಿಳಿಸಿ. ಅಪ್ಪನನ್ನು ಕರೆಸಿ ವಿಚಾರಿಸೋಕೆ ಹೋಗಬೇಡಿ, ಅದರ ಪೆಟ್ಟು ರಾತ್ರಿ ಮಗುವಿಗೇ ಬೀಳ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು.

ಕೆಂಜಿರುವೆ

ಇದಕ್ಕೆ ಸೇರಿಸೋದು ಒಂದೇ. ಸೇರಿ ವಾರಗಳಾದರೂ ಅಳು ಸ್ವಲ್ಪವೂ ಇಳಿಯದಿದ್ದರೆ, ಮಾತಾಡ್ತಿದ್ದ ಮಗು ಮಾತು ನಿಲ್ಲಿಸಿದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಅದು ಪುಸ್ತಕದ ಕೆಲಸವಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು. ಅವರು ಬಂದಾಗ ತೂಕ, ಹಲ್ಲಿನ ಜೊತೆ ಇದನ್ನೂ ಹೇಳಿ. ಅವರು ಬರೋದು ತಡವಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಮನೆಯವರಿಗೆ ಹೇಳಿ.