ಪದ ಬೇಕು (ತುರ್ತು): ನೆರೆಗೆ ಸಿಲುಕುವ ಮನೆಗಳ ‘ಬೈಔಟ್’

ನ್ಯೂಜೆರ್ಸಿಯಿಂದ, ಮಂಗಳವಾರ

ಬಳಗಕ್ಕೆ ನಮಸ್ಕಾರ. ಶುಕ್ರವಾರ ಅಚ್ಚಿಗೆ ಹೋಗಬೇಕಾದ ಕರಪತ್ರಕ್ಕೆ ಒಂದು ಪದ ಸಿಗುತ್ತಿಲ್ಲ. ಇಲ್ಲಿನ ರಾಜ್ಯ ಸರ್ಕಾರದ ‘ಬ್ಲೂ ಏಕರ್ಸ್’ ಯೋಜನೆಯನ್ನು ಕನ್ನಡದ ಹಿರಿಯರಿಗೆ ತಿಳಿಸುವ ಒಂದೇ ಪುಟ ಅದು. ಗುಜರಾತಿ, ತೆಲುಗಿನವರ ಕೆಲಸ ಆಗಲೇ ಮುಗಿದಿದೆ. ಮತ್ತೆ ಮತ್ತೆ ನೀರು ನುಗ್ಗುವ ಮನೆಯನ್ನು ಸರ್ಕಾರ ಮಾರುಕಟ್ಟೆ ಬೆಲೆಗೆ ಕೊಳ್ಳುತ್ತದೆ, ಕೆಡವುತ್ತದೆ, ಆ ನಿವೇಶನವನ್ನು ಶಾಶ್ವತವಾಗಿ ಖಾಲಿ ಬಿಡುತ್ತದೆ. ಮಾಲೀಕರು ಬೇಡವೆಂದರೆ ಮಾತು ಅಲ್ಲಿಗೇ ಮುಗಿಯಿತು, ಬಲವಂತವಿಲ್ಲ. 1995ರಿಂದ ಇರುವ ಯೋಜನೆ. 2012ರ ಸ್ಯಾಂಡಿ ಚಂಡಮಾರುತದ ಮೇಲೆ ದೊಡ್ಡದಾಗಿ ಬೆಳೆಯಿತು. ನಮ್ಮವರು ದಿನಸಿಗೆಂದು ಹೋಗುವ ಐಸೆಲಿನ್ ಇರುವುದು ವುಡ್‌ಬ್ರಿಜ್ ಟೌನ್‌ಶಿಪ್‌ನಲ್ಲಿ. ಅಲ್ಲೇ ನೂರಕ್ಕೂ ಹೆಚ್ಚು ಮನೆಗಳು ಹೀಗೆ ಹೋಗಿವೆ. ರಾರಿಟನ್ ಮತ್ತು ಮಿಲ್‌ಸ್ಟೋನ್ ನದಿಗಳು ಕೂಡುವ ಮ್ಯಾನ್‌ವಿಲ್ ಊರು 1999ರಲ್ಲೂ ಮುಳುಗಿತ್ತು, 2021ರಲ್ಲಿ ಐಡಾ ಚಂಡಮಾರುತದ ಮಳೆಗೆ ಮತ್ತೆ ಮುಳುಗಿತು.

ಅನುವಾದ ಸಂಸ್ಥೆಯೊಂದು ಕಳಿಸಿದ ಕರಡಿನಲ್ಲಿ ‘ಸ್ವಯಂಪ್ರೇರಿತ ಭೂಸ್ವಾಧೀನ ಪರಿಹಾರ’ ಎಂದಿದೆ. ಅದನ್ನು ಓದಿದ ಹಿರಿಯರೊಬ್ಬರು ಮನೆ ಉಳಿಸಿಕೊಳ್ಳಲು ವಕೀಲರನ್ನು ಹುಡುಕಲು ಹೊರಟಿದ್ದಾರೆ. ದಯವಿಟ್ಟು ಬೇಗ ತಿಳಿಸಿ.

ಮೈಸೂರಿನಿಂದ

ಹೊರಡದೇ ಇನ್ನೇನು ಮಾಡಿಯಾರು? ಭೂಸ್ವಾಧೀನ ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ಹಳೆಯ ಭೂಸ್ವಾಧೀನ ಕಾಯ್ದೆಯ 4(1) ನೋಟಿಸು. ಆ ಪದದೊಳಗೆ ಒಪ್ಪಿಗೆಗೆ ಜಾಗವೇ ಇಲ್ಲ. ‘ಸ್ವಯಂಪ್ರೇರಿತ’ವಂತೂ ಇನ್ನೂ ಅಪಾಯ. ಪತ್ರಿಕೆಗಳಲ್ಲಿ ಅದು ಬರುವುದು ಪೊಲೀಸರೋ ನ್ಯಾಯಾಲಯವೋ ಯಾರೂ ಕೇಳದೆ ಪ್ರಕರಣ ದಾಖಲಿಸಿಕೊಂಡಾಗ. ಇಲ್ಲಿ ಪ್ರೇರಣೆ ಸರ್ಕಾರದ್ದು ಎಂದೇ ಓದಿಸಿಕೊಳ್ಳುತ್ತದೆ. ‘ಐಚ್ಛಿಕ’ ಎಂದು ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ: ಅದು ಪಿಯುಸಿಯ ಐಚ್ಛಿಕ ವಿಷಯಕ್ಕೆ ಸರಿ, ಮನೆಗಲ್ಲ. ‘ಒಪ್ಪಿಗೆಯ ಖರೀದಿ’ ಎನ್ನಿ, ಸಾಕು.

ಶಿವಮೊಗ್ಗದಿಂದ

‘ಖರೀದಿ’ ಪಾರಸಿ. ಕೊಳ್ಳು ಎಂಬ ಬೇರು ಕನ್ನಡದಲ್ಲಿ ಸತ್ತುಹೋಯಿತೇ? ನಂಬು, ನಂಬಿಕೆ, ಹೂಡು, ಹೂಡಿಕೆ, ಕೊಳ್ಳು, ಕೊಳ್ಳಿಕೆ. ‘ನೆರೆಮನೆ ಕೊಳ್ಳಿಕೆ’. ಎರಡು ಪದ, ಎರಡೂ ನಮ್ಮವು.

ಉಡುಪಿಯಿಂದ

ನೆರೆಮನೆ ಕೊಳ್ಳಿಕೆಯ ವಿಷಯ ನೆರೆಮನೆಯವರಿಗೆ ಗೊತ್ತಿದೆಯೇ?

ಶಿವಮೊಗ್ಗದಿಂದ

ಕುಹಕಕ್ಕೆ ಉತ್ತರಿಸುವ ಅಭ್ಯಾಸ ನನಗಿಲ್ಲ, ಆದರೂ ಹೇಳುತ್ತೇನೆ. ಪಕ್ಕದ ಮನೆಯ ‘ನೆರೆ’ ಕೂಡು ಎಂಬರ್ಥದ ಧಾತು. ನೀರಿನ ‘ನೆರೆ’ ತುಂಬು ಎಂಬರ್ಥದ ‘ನೆಱೆ’, ಶಕಟರೇಫದ್ದು, ಅಂದರೆ ಹಳಗನ್ನಡದ ಱ ಅಕ್ಷರದ್ದು. ಇದು ನನ್ನ ಬಹುಕಾಲದ ವಾದ. ಎರಡನ್ನೂ ಒಂದೇ ಅಕ್ಷರದಲ್ಲಿ ಬರೆಯತೊಡಗಿದ ಮೇಲೆ ಬಂದ ಗೊಂದಲಕ್ಕೆ ನಾನು ಹೊಣೆಯಲ್ಲ.

ಮೈಸೂರಿನಿಂದ

ಹಾಗಾದರೆ ಕರಪತ್ರದಲ್ಲಿ ಱ ಅಚ್ಚು ಹಾಕಿಸೋಣವೇ? ಓದುವವರು ಎಪ್ಪತ್ತು ದಾಟಿದವರು, ಹತ್ತನೆಯ ಶತಮಾನದವರಲ್ಲ.

ಧಾರವಾಡದಿಂದ

ನೆರೆಯನ್ನು ಬಿಡಿ, ಕೊಳ್ಳಿಕೆಯನ್ನು ನೋಡಿ. ಕೊಳ್ ಎಂಬುದಕ್ಕೆ ಹಳಗನ್ನಡದಲ್ಲಿ ಬೆಲೆಕೊಟ್ಟು ಪಡೆಯುವುದೊಂದೇ ಅರ್ಥವಲ್ಲ. ಹಿಡಿ, ಕಸಿದುಕೊ, ವಶಮಾಡಿಕೊ ಎಲ್ಲವೂ ಅದೇ. ವೀರಗಲ್ಲುಗಳಲ್ಲಿ ಬರುವ ‘ತುಱುಗೊಳ್’ ದನದ ಸಂತೆಯಲ್ಲಿ ನಡೆದ ವ್ಯಾಪಾರವಲ್ಲ. ಊರಿನ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ಕಲ್ಲು ಅದು. ‘ಕೊಳ್ಳೆ’ಯೂ ಅದೇ ಬೇರಿನದು. ಹೀಗಾಗಿ ‘ಸರಕಾರದ ಕೊಳ್ಳಿಕೆ’ ಎಂದು ದೊಡ್ಡಕ್ಷರದಲ್ಲಿ ಬರೆದು ಹಂಚಿದರೆ ಆ ಹಿರಿಯರು ವಕೀಲರನ್ನಲ್ಲ, ಪೊಲೀಸರನ್ನು ಕರೆಯುತ್ತಾರೆ.

ಶಿವಮೊಗ್ಗದಿಂದ

ಅಂಗಡಿಯಲ್ಲಿ ಬೆಂಡೆಕಾಯಿ ಕೊಳ್ಳುವಾಗ ನಿಮಗೆ ವೀರಗಲ್ಲು ನೆನಪಾಗುತ್ತದೆಯೇ? ಪದ ಬೆಳೆದು ಬಂದಿದೆ. ಸಂಸ್ಕೃತ, ಪಾರಸಿ ಪದಗಳಿಗೆ ಈ ಬಗೆಯ ಜಾತಕ ಯಾರೂ ಕೇಳುವುದಿಲ್ಲ, ಕನ್ನಡದ ಪದಕ್ಕೆ ಮಾತ್ರ ಕೇಳುತ್ತೀರಿ.

ಬಾಗಲಕೋಟೆಯಿಂದ

ಮುಂದಿನ ಪತ್ರದಲ್ಲಿ ಯಾರಾದರೂ ‘ಮುಳುಗಡೆ ಮನೆಗಳು’ ಎಂದು ಸೂಚಿಸುವುದು ಖಂಡಿತ, ಆದ್ದರಿಂದ ಬರೆಯುತ್ತಿದ್ದೇನೆ. ಬೇಡ. ನಮ್ಮಲ್ಲಿ ಮುಳುಗಡೆ ಎಂದರೆ ಆಲಮಟ್ಟಿ ಹಿನ್ನೀರು. ಬಂದ ನೀರು ಹೋಗುವುದಿಲ್ಲ. ಹಳೆಯ ಬಾಗಲಕೋಟೆಯ ಅರ್ಧ ಊರು ಎದ್ದು ನವನಗರಕ್ಕೆ ಬಂದದ್ದು ಅದರಿಂದ. ಅಲ್ಲಿ ನಡೆದದ್ದು ಸ್ವಾಧೀನ, ಕೈಗೆ ಬಂದದ್ದು ಪರಿಹಾರ, ಬೆಲೆ ಕಟ್ಟಿದ ಕಾಗದಕ್ಕೆ ಹೆಸರು ಐತೀರ್ಪು. ನ್ಯೂಜೆರ್ಸಿಯವರ ಮನೆಗೆ ನೀರು ಬರುತ್ತದೆ, ಇಳಿಯುತ್ತದೆ, ಗೋಡೆ ಒಣಗಿಸಿ ಬಣ್ಣ ಬಳಿದ ಮೇಲೆ ಮತ್ತೆ ಬರುತ್ತದೆ. ಎರಡೂ ಬೇರೆ ಬೇರೆ ಸಂಕಟ.

ಹತ್ತಿರದ ಉದಾಹರಣೆ ಬೇಕಾದರೆ 2009ರ ಮಹಾಪೂರ ಇದೆ. ಆಗ ‘ಆಸರೆ’ ಎಂಬ ಹೆಸರಿನಲ್ಲಿ ಎತ್ತರದ ಜಾಗದಲ್ಲಿ ಹೊಸ ಮನೆಗಳು ಎದ್ದವು. ಮನೆ ಕೊಟ್ಟರು, ಆದರೆ ಹೊಳೆದಂಡೆಯ ಹಳೆಯ ಮನೆಯನ್ನು ಯಾರೂ ಕೊಂಡುಕೊಳ್ಳಲಿಲ್ಲ. ಹೊಸ ಮನೆಯಲ್ಲಿ ಎತ್ತು ಕಟ್ಟಲು ಜಾಗವಿಲ್ಲ, ಕಣಿಕೆಯ ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ. ಬಹಳ ಮಂದಿ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟರು. 2019ರಲ್ಲಿ ಮಲಪ್ರಭೆ, ಘಟಪ್ರಭೆ ಮತ್ತೆ ಉಕ್ಕಿದಾಗ ನೀರು ಹೊಕ್ಕಿದ್ದು ಅದೇ ಹಳೆಯ ಮನೆಗಳಿಗೆ. ಬಿದ್ದ ಮನೆಗೆ ಐದು ಲಕ್ಷದವರೆಗೆ ಕೊಡುತ್ತೇವೆ ಎಂದಿತು ಸರಕಾರ. ಅದು ಮನೆ ಕಟ್ಟಿಕೊಳ್ಳಲು ಕೊಟ್ಟ ನೆರವು. ಹಳೆಯ ಜಾಗವನ್ನು ಬೆಲೆಗೆ ಪಡೆದು ಹೊಳೆಗೆ ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿ ಬೆಳೆದೇ ಇಲ್ಲ. ಪದ್ಧತಿ ಇಲ್ಲದಲ್ಲಿ ಪದ ಎಲ್ಲಿಂದ ಬರಬೇಕು? ಶಿವಮೊಗ್ಗದವರು ಧಾತುವನ್ನು ಎಷ್ಟು ಅರೆದರೂ ಬರುವುದಿಲ್ಲ.

ನನ್ನ ಸಲಹೆ ‘ಕ್ರಯ’. ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೂ ಕ್ರಯಪತ್ರ ಗೊತ್ತು. ಕೊಡುವವನೂ ಕೊಳ್ಳುವವನೂ ಒಪ್ಪಿ ಸಹಿ ಹಾಕಿದರೆ ಮಾತ್ರ ಅದು ಕ್ರಯ. ಸರಕಾರ ಇಲ್ಲಿ ಬರೀ ಕೊಳ್ಳುವವನು. ಶುದ್ಧಿ ಬೇಕೆನ್ನುವವರಿಗೆ ‘ಶುದ್ಧ ಕ್ರಯಪತ್ರ’ವೇ ಇದೆ.

ಶಿವಮೊಗ್ಗದಿಂದ

ಕ್ರಯ ಸಂಸ್ಕೃತ.

ಬಾಗಲಕೋಟೆಯಿಂದ

ಶುದ್ಧವೂ ಸಂಸ್ಕೃತ. ಅರ್ಜಿ, ಜಮೀನು, ದಾಖಲೆ, ಕಚೇರಿ ಅರಬಿಯೋ ಪಾರಸಿಯೋ ಮರಾಠಿಯ ಮೂಲಕ ಬಂದವೋ. ಇವನ್ನು ಬಿಟ್ಟು ನೀವು ಒಂದು ಪಹಣಿ ತೆಗೆಸಿ ತೋರಿಸಿ.

ನ್ಯೂಜೆರ್ಸಿಯಿಂದ, ಬುಧವಾರ

‘ಪರಿಹಾರ’ ಹೊಡೆದುಹಾಕಿದ್ದೇನೆ, ಅದಕ್ಕೆ ಬಾಗಲಕೋಟೆಯವರಿಗೆ ಕೃತಜ್ಞತೆ. ಇದು ಬೆಲೆಯೇ. ಸ್ಯಾಂಡಿಯ ನಂತರ ಕೊಟ್ಟದ್ದು ಚಂಡಮಾರುತಕ್ಕೆ ಮೊದಲಿದ್ದ ಬೆಲೆ. ಒಕ್ಕೂಟ ಸರ್ಕಾರದ ದುಡ್ಡು ಸೇರಿದಲ್ಲಿ ಇನ್ನೊಂದು ನಿಯಮವಿದೆ: ಅದೇ ಹಾನಿಗೆ ವಿಮೆಯವರು ಆಗಲೇ ಹಣ ಕೊಟ್ಟಿದ್ದರೆ ಅಷ್ಟನ್ನು ಮುರಿದುಕೊಳ್ಳುತ್ತಾರೆ, ರಿಪೇರಿಗೆ ಖರ್ಚಾಗಿದ್ದಕ್ಕೆ ರಸೀದಿ ಇಟ್ಟವರಿಗೆ ಮುರಿಯುವುದಿಲ್ಲ. ಕ್ರಯವಾದ 90 ದಿನಗಳೊಳಗೆ ಮನೆ ಕೆಡವಬೇಕು. ಕರಪತ್ರ ಓದುವವರಿಗೆ ನಿಜವಾಗಿ ಬೇಕಾಗಿರುವುದು ಈ ರಸೀದಿಯ ಮಾತು. ನಮ್ಮ ಹಿರಿಯರು ಹಳೆಯ ರಸೀದಿಗಳನ್ನು ದೀಪಾವಳಿಗೆ ಮನೆ ಒಪ್ಪ ಮಾಡುವಾಗ ಎಸೆದುಬಿಡುತ್ತಾರೆ.

ಒಂದು ತೊಡಕು ಉಳಿದಿದೆ. ‘ಒಪ್ಪಿಗೆ’ ಎಂದರೆ ಯಾರದು? ಮಾಲೀಕ ಒಪ್ಪಿ ಮಾರುತ್ತಾನೆ, ನೆಲಮಾಳಿಗೆಯಲ್ಲಿ ಬಾಡಿಗೆಗಿರುವ ಹುಡುಗರನ್ನು ಯಾರೂ ಕೇಳುವುದಿಲ್ಲ. ಅವರು ಹೋಗುವುದು ಸ್ವಂತ ಇಚ್ಛೆಯಿಂದಲ್ಲ ಎಂದು ಕಾನೂನೂ ಒಪ್ಪುತ್ತದೆ. ಆದ್ದರಿಂದಲೇ 1970ರ ಒಂದು ಕಾಯ್ದೆಯಡಿ ಅವರಿಗೆ ಸ್ಥಳಾಂತರದ ನೆರವು ಬೇರೆಯಾಗಿ ಇದೆ. ಬರೀ ‘ಒಪ್ಪಿಗೆಯ ಖರೀದಿ’ ಎಂದರೆ ಅವರು ತಾವೂ ಒಪ್ಪಬೇಕೇನೋ ಎಂದುಕೊಳ್ಳುತ್ತಾರೆ.

ಮೈಸೂರಿನಿಂದ

‘ಮಾಲೀಕರ ಒಪ್ಪಿಗೆಯ ಮೇರೆಗೆ’ ಎಂದು ಸೇರಿಸಿ. ಉದ್ದವಾಗುತ್ತದೆ, ಆಗಲಿ. ಪಾರಿಭಾಷಿಕ ಪದ ಒಂದೇ ಉಸಿರಿನಲ್ಲಿ ಮುಗಿಯಬೇಕೆಂಬ ಹಟ ಇಂಗ್ಲಿಷ್ ನೋಡಿ ಕಲಿತದ್ದು.

ಬೆಂಗಳೂರಿನಿಂದ

‘ಸ್ವಇಚ್ಛೆಯ’ ಎಂದರೆ ಚಿಕ್ಕದಾಗುತ್ತದಲ್ಲ?

ಧಾರವಾಡದಿಂದ

ಸಂಧಿ ಮಾಡಿದರೆ ‘ಸ್ವೇಚ್ಛೆ’, ಅದು ಲಂಗುಲಗಾಮಿಲ್ಲದವರ ಗುಣ. ಮಾಡದಿದ್ದರೆ ವ್ಯಾಕರಣದ ಮೇಷ್ಟರು ಬೆತ್ತ ಹಿಡಿಯುತ್ತಾರೆ. ಬೇಡ.

ಉಡುಪಿಯಿಂದ

‘ಬೈಔಟ್’ ಎಂದೇ ಬಿಡಬಹುದಿತ್ತು. ಬರುವ ಅಧಿಕಾರಿಯ ಬಾಯಲ್ಲಿ ಅದೇ ಪದ ಇರುತ್ತದೆ. ಇನ್ಶೂರೆನ್ಸ್, ಮಾರ್ಟ್‌ಗೇಜ್ ಎನ್ನುವ ಅಜ್ಜಿಗೆ ಬೈಔಟ್ ಭಾರವಾಗುವುದಿಲ್ಲ.

ಶಿವಮೊಗ್ಗದಿಂದ

ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟೇ ಕನ್ನಡ ಕೊನೆಗೆ ಬರೀ ವಿಭಕ್ತಿ ಪ್ರತ್ಯಯಗಳಿಗೆ ಬಂದು ನಿಲ್ಲುವುದು. ‘ಬೈಔಟ್ಅನ್ನು’ ಎಂದು ಬರೆಯುತ್ತೀರೋ, ‘ಬೈಔಟನ್ನು’ ಎಂದೋ?

ಉಡುಪಿಯಿಂದ

‘ಕೊಳ್ಳಿಕೆಯನ್ನು’ ಎಂದು ಬರೆಯುವುದಿಲ್ಲ, ಅಷ್ಟು ಖಂಡಿತ.

ನ್ಯೂಜೆರ್ಸಿಯಿಂದ, ಗುರುವಾರ

ಅಚ್ಚಿನವರಿಗೆ ಕಳಿಸಿಯಾಯಿತು. ತಲೆಬರಹ ಹೀಗಿದೆ: ‘ನೆರೆಗೆ ಸಿಲುಕುವ ಮನೆಗಳನ್ನು, ಮಾಲೀಕರು ಒಪ್ಪಿದರೆ ಮಾತ್ರ, ಸರ್ಕಾರ ಬೆಲೆ ಕೊಟ್ಟು ಕೊಳ್ಳುತ್ತದೆ’. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಅಧಿಕಾರಿಗಳು ಇದನ್ನು ಬೈಔಟ್ ಎನ್ನುತ್ತಾರೆ’. ಒಳಗೆ ಕಾಗದಪತ್ರಗಳ ಮಾತು ಬಂದಲ್ಲೆಲ್ಲ ‘ಕ್ರಯ’. ಬಾಡಿಗೆದಾರರಿಗೆ ಪ್ರತ್ಯೇಕ ಚೌಕ. ಶಿವಮೊಗ್ಗದವರು ಗಮನಿಸಬೇಕು: ತಲೆಬರಹದ ಕ್ರಿಯಾಪದ ‘ಕೊಳ್ಳು’ವೇ.

ಧಾರವಾಡದಿಂದ

ತಲೆಬರಹ ಚೆನ್ನಾಗಿದೆ. ಆದರೆ ಅದು ‘ಸರಕಾರ’. ‘ಸರ್ಕಾರ’ ಎಂದು ಅಚ್ಚಾಗಿದ್ದರೆ ಇನ್ನೂ ತಿದ್ದಲು ಸಮಯವಿದೆ.

ಮೈಸೂರಿನಿಂದ

ದಯವಿಟ್ಟು ಇದಕ್ಕೆ ಬೇರೆ ಎಳೆ ತೆರೆಯಿರಿ.