ಪ್ರಶ್ನೋತ್ತರ: ಇಂಗ್ಲಿಷ್ ಕಲಿಯೋಕೆ ಯಾವ ಪಾಠ, ಯಾವ ಫೋನು?

(ಹಾಸನ–ಚಿಕ್ಕಮಗಳೂರು ಪೋಷಕರು ಮತ್ತು ವಿದ್ಯಾರ್ಥಿಗಳ ಗುಂಪು. ಈ ವಾರ ಉತ್ತರ ಕೊಡ್ತಿರೋರು ಹಾಸನದ ಇಂಗ್ಲಿಷ್ ಉಪನ್ಯಾಸಕಿ ಒಬ್ರು. ಫೋನಿನ ವಿಷಯಕ್ಕೆ ಚಿಕ್ಕಮಗಳೂರಲ್ಲಿ ಮೊಬೈಲ್ ಸರ್ವಿಸ್ ಮಾಡೋ ಸದಸ್ಯರು ಜೊತೆಗಿದ್ದಾರೆ.)

ಪ್ರಶ್ನೆ, ಆಲೂರು ಕಡೆಯವರು: ಮೇಡಂ ನಮಸ್ಕಾರ. ಮಗಳು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಈಗ ಹಾಸನದಲ್ಲಿ ಪಿಯುಸಿ ಸೈನ್ಸ್ ಸೇರಿದಾಳೆ. ಫಿಸಿಕ್ಸ್ ಕ್ಲಾಸಲ್ಲಿ ಹೇಳೋದು ಅರ್ಧ ತಲೆಗೆ ಹೋಗುತ್ತೆ ಇನ್ನರ್ಧ ಹೋಗಲ್ಲ ಅಂತಾಳೆ, ಎದ್ದು ನಿಂತು ಕೇಳೋಕೂ ಭಯ ಪಡ್ತಾಳೆ. ಆನ್‌ಲೈನಲ್ಲಿ ದುಡ್ಡು ಕೊಡದೆ ಕಲಿಯೋಕೆ ಏನಿದೆ ಹೇಳಿ. ಅದಕ್ಕೇ ಅಂತ ಒಂದು ಫೋನೂ ತಗೋಬೇಕು, ಅಂಗಡೀಲಿ ರೆಡ್ಮಿ 14ಸಿ 5ಜಿ ಮತ್ತೆ ಸ್ಯಾಮ್ಸಂಗ್ ಗ್ಯಾಲಕ್ಸಿ ಎ16 5ಜಿ ಎರಡು ತೋರಿಸಿದ್ರು, ರೇಟಲ್ಲಿ ತುಂಬಾ ವ್ಯತ್ಯಾಸ ಇದೆ, ಯಾವುದು ತಗೊಳ್ಳೋದು ಗೊತ್ತಾಗ್ತಿಲ್ಲ.

ಉತ್ತರ, ಉಪನ್ಯಾಸಕಿ: ಸಾರ್, ಮೊದಲು ಒಂದು ಮಾತು, ನಿಮ್ಮ ಮಗಳಿಗೆ ಇಂಗ್ಲಿಷ್ ಬರಲ್ಲ ಅಂತ ದಯವಿಟ್ಟು ಅವಳ ಮುಂದೆ ಹೇಳ್ಬೇಡಿ. ಹತ್ತು ವರ್ಷ ಇಂಗ್ಲಿಷ್ ಪುಸ್ತಕ ಓದಿದಾಳೆ, ಪರೀಕ್ಷೆ ಬರೆದಿದಾಳೆ, ಅವಳಿಗೆ ಅಭ್ಯಾಸ ಇಲ್ಲದಿರೋದು ಕಿವಿಗೆ. ಕನ್ನಡ ಮೀಡಿಯಮ್ಮಿಂದ ಬರೋ ಮಕ್ಕಳನ್ನ ಪ್ರತಿ ವರ್ಷ ನೋಡ್ತೀನಿ, ಬೋರ್ಡ್ ಮೇಲೆ ಬರೆದ್ರೆ ಅರ್ಥ ಆಗುತ್ತೆ, ಅದೇ ವಾಕ್ಯ ಬಾಯಲ್ಲಿ ವೇಗವಾಗಿ ಹೇಳಿದ್ರೆ ಕೈ ತಪ್ಪಿ ಹೋಗುತ್ತೆ. ಹಾಗಾಗಿ ಗ್ರಾಮರ್ ಆ್ಯಪು ಹುಡುಕೋದು ಬಿಟ್ಟು ಕೇಳೋದರಿಂದ ಶುರು ಮಾಡಿ.

ಮೊದಲು ವಾಯ್ಸ್ ಆಫ್ ಅಮೆರಿಕಾದ ಲರ್ನಿಂಗ್ ಇಂಗ್ಲಿಷ್ ಪಾಠಗಳು. 1959ರಲ್ಲಿ ರೇಡಿಯೋದಲ್ಲಿ ಸ್ಪೆಷಲ್ ಇಂಗ್ಲಿಷ್ ಅಂತ ಶುರುವಾಗಿದ್ದು, ಸುಮಾರು 1500 ಮೂಲ ಪದಗಳು, ಚಿಕ್ಕ ಚಿಕ್ಕ ವಾಕ್ಯ, ಬೇಕಂತಲೇ ನಿಧಾನವಾಗಿ ಓದ್ತಾರೆ. ಹಿಂದೆ ಮಾಡಿಟ್ಟಿರೋದೇ ಬೇಕಾದಷ್ಟಿದೆ. ಅದು ಸಲೀಸಾದ್ಮೇಲೆ ಬಿಬಿಸಿ ಲರ್ನಿಂಗ್ ಇಂಗ್ಲಿಷಿನ ಸಿಕ್ಸ್ ಮಿನಿಟ್ ಇಂಗ್ಲಿಷ್, ಇಬ್ರು ಕೂತು ಒಂದು ವಿಷಯ ಮಾತಾಡ್ತಾರೆ, ಅವರು ಆಡಿದ ಅಷ್ಟೂ ಮಾತು ಬರಹದಲ್ಲೂ ಕೊಟ್ಟಿರ್ತಾರೆ. ಆ ಬರಹ ಇರೋದೇ ದೊಡ್ಡ ಲಾಭ. ಹೇಗೆ ಬಳಸೋದು ಅಂದ್ರೆ, ಒಂದು ನಿಮಿಷದಷ್ಟು ಮಾತ್ರ ತಗೊಳ್ಳಿ, ಮೊದಲು ಬರಹ ನೋಡದೆ ಕೇಳಿ, ಆಮೇಲೆ ನೋಡ್ಕೊಂಡು ಕೇಳಿ, ಎಲ್ಲಿ ಕಿವಿ ತಪ್ಪಿತ್ತೋ ಅಲ್ಲಿ ಗೆರೆ ಹಾಕಿ, ಮೂರನೇ ಸಲ ಅವರ ಜೊತೆ ಜೊತೆಗೇ ಜೋರಾಗಿ ಹೇಳ್ಬೇಕು, ಕೊನೆಗೆ ಫೋನಲ್ಲಿ ತನ್ನ ದನಿ ರೆಕಾರ್ಡ್ ಮಾಡಿ ಎರಡನ್ನೂ ಪಕ್ಕಪಕ್ಕ ಕೇಳ್ಬೇಕು. ಆ ಒಂದು ನಿಮಿಷದ ಮಾತಿಗೆ ಅರ್ಧ ಗಂಟೆ ಹಿಡಿದ್ರೂ ಪರವಾಗಿಲ್ಲ. ಮನಸ್ಸಲ್ಲೇ ಓದಿಕೊಂಡ್ರೆ ಏನೂ ಆಗಲ್ಲ, ಬಾಯಿ ಬಿಡಲೇಬೇಕು.

ಫಿಸಿಕ್ಸಿಗೆ ಬೇರೆ ದಾರಿ ಇದೆ. ಖಾನ್ ಅಕಾಡೆಮೀಲಿ ಗಣಿತ ವಿಜ್ಞಾನದ ಪಾಠ ಕನ್ನಡದಲ್ಲೂ ಇದೆ, ಎಲ್ಲಾ ಅಧ್ಯಾಯ ಸಿಗದೇ ಇರಬಹುದು, ಸಿಕ್ಕಿದ್ದನ್ನ ಮೊದಲು ಕನ್ನಡದಲ್ಲಿ ನೋಡಲಿ, ಅದೇ ವಿಷಯ ಆಮೇಲೆ ಇಂಗ್ಲಿಷಲ್ಲಿ ನೋಡಲಿ. ವಿಷಯ ಗೊತ್ತಿದ್ರೆ ಭಾಷೆ ಅರ್ಧ ತಾನಾಗೇ ಹಿಂದೆ ಬರುತ್ತೆ. ಪಿಯು ಸೈನ್ಸಿಗೆ ಇರೋ ಎನ್‌ಸಿಇಆರ್‌ಟಿ ಪುಸ್ತಕಗಳು ಅವರ ಸೈಟಲ್ಲೇ ಪಿಡಿಎಫ್ ಫ್ರೀ ಸಿಗುತ್ತೆ, ನಾಳೆ ಆಗೋ ಪಾಠದ ಎರಡು ಪುಟ ಇವತ್ತು ರಾತ್ರಿ ಜೋರಾಗಿ ಓದಿಸಿ. ಕ್ಲಾಸಲ್ಲಿ ಕೇಳೋಕೆ ಎರಡೇ ವಾಕ್ಯ ಬಾಯಿಪಾಠ ಮಾಡಿಸಿ ಸಾಕು: "ಸರ್, ಕುಡ್ ಯು ರಿಪೀಟ್ ದಟ್, ಪ್ಲೀಸ್?", "ಸರ್, ವಾಟ್ ಡಸ್ ದಿಸ್ ಟರ್ಮ್ ಮೀನ್?" ಒಂದ್ಸಲ ಕೇಳಿ ಉತ್ತರ ಸಿಕ್ಕಿದ್ರೆ ಮುಂದಿನ ಸಲ ಅವಳೇ ಕೇಳ್ತಾಳೆ.

ಫೋನಿನ ಬಗ್ಗೆ ನಮ್ಮ ಸರ್ವಿಸಿನವರು ಹೇಳಲಿ.

ಉತ್ತರ, ಮೊಬೈಲ್ ಸರ್ವಿಸ್: ಸಾರ್, ಅಂಗಡೀಲಿ ರೆಡ್ಮಿದು 120 ಹರ್ಟ್ಝ್ ಸ್ಯಾಮ್ಸಂಗ್ ಬರೀ 90 ಅಂತ ಹೇಳಿರ್ತಾರೆ, ಅದು ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತೆ ಅನ್ನೋ ಲೆಕ್ಕ, ಮೇಲೆ ಕೆಳಗೆ ಸ್ಕ್ರೋಲ್ ಮಾಡುವಾಗ ನುಣುಪು ಅನ್ಸುತ್ತೆ ಅಷ್ಟೇ, ಓದೋ ಮಗುಗೆ ಅದರಿಂದ ಏನೂ ಇಲ್ಲ. ನೋಡ್ಬೇಕಾಗಿರೋದು ರೆಸಲ್ಯೂಷನ್, ಅಂದ್ರೆ ಸ್ಕ್ರೀನಲ್ಲಿ ಎಷ್ಟು ಚುಕ್ಕಿ ಇದೆ ಅನ್ನೋದು, ಚುಕ್ಕಿ ಜಾಸ್ತಿ ಇದ್ರೆ ಅಕ್ಷರ ಸ್ಪಷ್ಟ. ರೆಡ್ಮಿ 14ಸಿ 6.88 ಇಂಚು ದೊಡ್ಡ ಸ್ಕ್ರೀನು ಆದ್ರೆ ಎಚ್‌ಡಿ ಪ್ಲಸ್, ಅಂದ್ರೆ ಅಡ್ಡಕ್ಕೆ 720 ಚುಕ್ಕಿ. ಎ16 6.7 ಇಂಚು, ಫುಲ್ ಎಚ್‌ಡಿ ಪ್ಲಸ್, ಅಡ್ಡಕ್ಕೆ 1080. ಪಿಡಿಎಫ್ ಪುಸ್ತಕ ತೆಗೆದು ಫಾರ್ಮುಲಾ ಕೆಳಗಿನ ಸಣ್ಣ ಅಕ್ಷರ ನೋಡಿ, ಗೊತ್ತಾಗುತ್ತೆ. ಅಂಗಡೀಲೇ ಎರಡರಲ್ಲೂ ಒಂದೇ ಪಿಡಿಎಫ್ ತೆಗೆಸಿ ನೋಡಿ, ಯಾರೂ ಬೇಡ ಅನ್ನಲ್ಲ.

ಎ16ಗೆ ಆರು ಆಂಡ್ರಾಯ್ಡ್ ವರ್ಷನ್, ಆರು ವರ್ಷ ಸೆಕ್ಯುರಿಟಿ ಅಪ್ಡೇಟ್ ಅಂತ ಕಂಪನಿ ಹೇಳಿದೆ, ರೆಡ್ಮಿಗೆ ಅಷ್ಟಿಲ್ಲ. ಪಿಯುಸಿ ಮುಗ್ಸಿ ಡಿಗ್ರೀನೂ ಅದರಲ್ಲೇ ಆಗ್ಲಿ ಅಂದ್ರೆ ಇದು ಮುಖ್ಯ. ಆದ್ರೆ ರೆಡ್ಮಿಲಿ 3.5 ಎಂಎಂ ಇಯರ್‌ಫೋನ್ ಜ್ಯಾಕ್ ಇದೆ, ಎ16ಲಿ ಇಲ್ಲ. ಮೇಡಂ ಹೇಳಿದ ಹಾಗೆ ದಿನಾ ಕೇಳೋ ಮಗುಗೆ ಇದು ಸಣ್ಣ ವಿಷಯ ಅಲ್ಲ, ವೈರ್ ಇಯರ್‌ಫೋನು ಕಡಿಮೆ ದುಡ್ಡಿಗೆ ಸಿಗುತ್ತೆ, ಚಾರ್ಜ್ ಹಾಕೋ ಹಂಗಿಲ್ಲ. ಎ16 ತಗೊಂಡ್ರೆ ಟೈಪ್ ಸಿ ಇಯರ್‌ಫೋನ್ ಬೇಕಾಗುತ್ತೆ, ಅದನ್ನೂ ಸೇರಿಸಿ ರೇಟ್ ಲೆಕ್ಕ ಹಾಕಿ. ಬಿಡುಗಡೆ ಆದಾಗ ರೆಡ್ಮಿ 4 ಜಿಬಿ ರ‍್ಯಾಮ್ 64 ಜಿಬಿದು 9,999, ಎ16 8 ಜಿಬಿ 128 ಜಿಬಿದು 18,999 ಇತ್ತು, ಈಗಿನ ರೇಟು ಕೇಳ್ಕೊಳ್ಳಿ. ರೆಡ್ಮಿ ತಗೊಳ್ಳೋದಾದ್ರೆ 64 ಬೇಡ, 128ದೇ ತಗೊಳ್ಳಿ, ವಾಟ್ಸಾಪ್ ಗ್ರೂಪಿನ ನೋಟ್ಸಿಗೇ ತುಂಬಿ ಹೋಗುತ್ತೆ. ಇನ್ನು ವರ್ಚುವಲ್ ರ‍್ಯಾಮ್ ಅಂತ ಬಾಕ್ಸ್ ಮೇಲೆ ದೊಡ್ಡದಾಗಿ ಹಾಕಿರ್ತಾರೆ, ಅದು ಸ್ಟೋರೇಜಲ್ಲೇ ಒಂದು ಭಾಗ ಎತ್ತಿಟ್ಟಿರೋದು, ನಿಜವಾದ ರ‍್ಯಾಮಿನ ವೇಗ ಅದಕ್ಕೆ ಇರಲ್ಲ, ಲೆಕ್ಕಕ್ಕೆ ತಗೋಬೇಡಿ.

ನನ್ನ ಅಭಿಪ್ರಾಯ ಕೇಳಿದ್ರೆ, ದುಡ್ಡು ಹೊಂದುತ್ತೆ ಅಂದ್ರೆ ಎ16. ಸಾಲ ಮಾಡ್ಬೇಕು ಅಂದ್ರೆ ಖಂಡಿತ ಬೇಡ, ರೆಡ್ಮಿಲೂ ಇಂಗ್ಲಿಷ್ ಕಲಿಯಬಹುದು. ಬೇರೆ ಮಾಡೆಲ್ ನೋಡೋದಾದ್ರೆ ಜಿಎಸ್‌ಎಂ ಅರೀನಾ ಸೈಟಲ್ಲಿ ಕಂಪೇರ್ ಅಂತ ಇದೆ, ಎರಡು ಹೆಸರು ಹಾಕಿದ್ರೆ ಪಕ್ಕಪಕ್ಕ ಬರುತ್ತೆ, ಅದರಲ್ಲಿ ರೆಸಲ್ಯೂಷನ್, ಜ್ಯಾಕ್, ನೆಟ್‌ವರ್ಕ್ ಬ್ಯಾಂಡ್ ಈ ಮೂರು ಸಾಲು ಓದಿ.

ಪ್ರಶ್ನೆ, ಮೂಡಿಗೆರೆ ಕಡೆಯವರು: ಬ್ಯಾಂಡ್ ಅಂದ್ರೆ ಏನ್ ಸಾರ್? ನಮ್ಮ ತೋಟದ ಮನೇಲಿ ಒಂದು ಕಡ್ಡಿ ಸಿಗ್ನಲ್ ಬಂದ್ರೆ ಅದೇ ಪುಣ್ಯ. 5ಜಿ ಫೋನ್ ತಗೊಂಡು ಏನ್ ಪ್ರಯೋಜನ?

ಉತ್ತರ, ಮೊಬೈಲ್ ಸರ್ವಿಸ್: ಮಲೆನಾಡಲ್ಲಿ ಮೊದಲು ಕೇಳ್ಬೇಕಾದ ಪ್ರಶ್ನೇನೇ ಇದು. ಬ್ಯಾಂಡ್ ಅಂದ್ರೆ ಟವರಿನ ಸಿಗ್ನಲ್ ಬರೋ ಫ್ರೀಕ್ವೆನ್ಸಿಗೆ ಕೊಟ್ಟಿರೋ ನಂಬರ್. ಕಡಿಮೆ ಫ್ರೀಕ್ವೆನ್ಸಿ ಸಿಗ್ನಲ್ಲು ಗುಡ್ಡ, ಮರ ದಾಟಿ ದೂರ ಬರುತ್ತೆ, ಹೆಚ್ಚಿನ ಫ್ರೀಕ್ವೆನ್ಸಿದು ಅಷ್ಟು ಬರಲ್ಲ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಝ್ ಇದೆ, ಅದು ಬ್ಯಾಂಡ್ 28, ಜಿಯೋ 4ಜಿಗೆ 850 ಇದೆ, ಬ್ಯಾಂಡ್ 5. ಅಕ್ಕಪಕ್ಕದ ಮನೆಯವರಿಗೆ ಯಾವ ಸಿಮ್ಮಲ್ಲಿ ಸಿಗ್ನಲ್ ಬರುತ್ತೆ ಕೇಳಿ, ಆಮೇಲೆ ಆ ಬ್ಯಾಂಡ್ ಇರೋ ಫೋನ್ ತಗೊಳ್ಳಿ. 5ಜಿ ಅಂತ ಬರೆದಿದ್ದೆಲ್ಲಾ ಎಲ್ಲಾ ಸಿಮ್ಮಿಗೂ ಆಗಲ್ಲ, ರೆಡ್ಮಿ ಎ4 5ಜಿ 2024ರ ನವೆಂಬರಲ್ಲಿ ಬಂದಾಗ ಎಸ್‌ಎ ಅನ್ನೋ ತರದ, ಅಂದ್ರೆ 4ಜಿ ಆಸರೆ ಇಲ್ಲದೆ ನಡೆಯೋ 5ಜಿ ಮಾತ್ರ ಇತ್ತು, ಏರ್‌ಟೆಲ್ ಆಗ ಎನ್‌ಎಸ್‌ಎ ಮೇಲೆ, ಅಂದ್ರೆ 4ಜಿ ಆಸರೆಯಲ್ಲಿ 5ಜಿ ಕೊಡ್ತಿತ್ತು, ಹಾಗಾಗಿ ಆ ಸಿಮ್ ಹಾಕಿದ್ರೆ 4ಜಿನೇ. ವೈಫೈ ಇದ್ರೆ ವೈಫೈ ಕಾಲಿಂಗ್ ಆನ್ ಮಾಡ್ಕೊಳ್ಳಿ, ಟವರ್ ಸಿಗ್ನಲ್ ಇಲ್ದಿದ್ರೂ ವೈಫೈ ಮೇಲೇ ಕಾಲ್ ಹೋಗುತ್ತೆ.

ಇನ್ನೊಂದು, ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಟಚ್ ಹುಚ್ಚುಚ್ಚಾಗಿ ಓಡುತ್ತೆ ಅಂತ ಜೂನ್ ಜುಲೈಲಿ ತುಂಬಾ ಜನ ಬರ್ತಾರೆ. ಬೆರಳು ಮುಟ್ಟಿದಾಗ ಗಾಜಿನ ಕೆಳಗಿನ ವಿದ್ಯುತ್ ಚಾರ್ಜಲ್ಲಿ ಆಗೋ ಬದಲಾವಣೆನ ಫೋನ್ ಗುರುತಿಸುತ್ತೆ, ನೀರಿನ ಹನಿ ಬಿದ್ರೂ ಅದೇ ತರ ಬದಲಾವಣೆ ಆಗುತ್ತೆ. ಒಣಬಟ್ಟೇಲಿ ಒರೆಸಿ ಸಾಕು, ಸ್ಕ್ರೀನ್ ಹಾಳಾಗಿರಲ್ಲ, ಬದಲಾಯಿಸ್ಬೇಡಿ. ಎ16ಗೆ ಧೂಳು ನೀರು ತಡೆಯೋದಕ್ಕೆ ಕೊಡೋ ಐಪಿ54 ರೇಟಿಂಗ್ ಇದೆ, ಹನಿ ಸಿಡಿದ್ರೆ ತಡೆಯುತ್ತೆ, ನೀರಲ್ಲಿ ಮುಳುಗಿಸೋಕಲ್ಲ.

ಉಪನ್ಯಾಸಕಿ: ಇದಕ್ಕೆ ನನ್ನದೂ ಒಂದು ಸೇರಿಸ್ತೀನಿ, ಸಿಗ್ನಲ್ ಇಲ್ಲದ ಕಡೆ ವಿಡಿಯೋ ನಂಬ್ಕೊಂಡು ಕೂರಬೇಡಿ. ಮೂಡಿಗೆರೆ ಪೇಟೆಗೆ ಬಂದಾಗ ವಾರಕ್ಕಾಗುವಷ್ಟು ಆಡಿಯೋನೂ ಅದರ ಬರಹನೂ ಡೌನ್‌ಲೋಡ್ ಮಾಡ್ಕೊಂಡು ಹೋಗಿ, ಆರು ನಿಮಿಷದ ಆಡಿಯೋ ಕೆಲವೇ ಎಂಬಿ. ವಿಡಿಯೋಕ್ಕಿಂತ ಆಡಿಯೋದಲ್ಲಿ ಕಿವಿ ಚೆನ್ನಾಗಿ ಪಳಗುತ್ತೆ, ಚಿತ್ರ ನೋಡಿ ಊಹೆ ಮಾಡೋಕೆ ಅವಕಾಶ ಇರಲ್ಲವಲ್ಲ.

ಪ್ರಶ್ನೆ, ಚಿಕ್ಕಮಗಳೂರಿಂದ ಟ್ಯಾಕ್ಸಿ ಓಡಿಸೋರು: ಮೇಡಂ ನಾನು ಎಸ್‌ಎಸ್‌ಎಲ್‌ಸಿ. ಟೂರಿಸ್ಟ್‌ಗಳನ್ನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಕರ್ಕೊಂಡು ಹೋಗ್ತೀನಿ, ಹೊರರಾಜ್ಯದವರು ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ ಎಸ್ ನೋ ಅಷ್ಟೇ ಬರೋದು. ಒಂದು ಕಂಪನಿಯಿಂದ ಫೋನ್ ಮಾಡಿ ಮೂವತ್ತು ದಿನದಲ್ಲಿ ಫ್ಲುಯೆಂಟ್ ಮಾಡ್ತೀವಿ, ಇಎಂಐಲಿ ಕಟ್ಟಿ ಅಂತಾರೆ. ಸೇರ್ಲಾ?

ಉತ್ತರ, ಉಪನ್ಯಾಸಕಿ: ಸೇರ್ಬೇಡಿ ಅಣ್ಣ, ದಯವಿಟ್ಟು. ಮೂವತ್ತು ದಿನದಲ್ಲಿ ಯಾರಿಗೂ ಭಾಷೆ ಬಂದಿಲ್ಲ, ಇಎಂಐ ಮಾತ್ರ ಪಾಠ ಬಿಟ್ಟ ಮೇಲೂ ಬರ್ತಾನೇ ಇರುತ್ತೆ. ನಿಮಗೆ ಇಡೀ ಇಂಗ್ಲಿಷ್ ಬೇಕಾಗಿಲ್ಲ, ನಿಮ್ಮ ರಸ್ತೆಯ ಇಂಗ್ಲಿಷ್ ಬೇಕು. ಗಾಡೀಲಿ ಕೂತವರು ದಿನಾ ಕೇಳೋ ಪ್ರಶ್ನೆ ಬರೆದಿಟ್ಕೊಳ್ಳಿ, ಎಷ್ಟೊತ್ತಾಗುತ್ತೆ, ಊಟ ಎಲ್ಲಿ ಚೆನ್ನಾಗಿರುತ್ತೆ, ಮಂಜು ಯಾವಾಗ ಬಿಡುತ್ತೆ, ಇಷ್ಟೇ ಇರುತ್ತೆ. ಉತ್ತರ ಕನ್ನಡದಲ್ಲಿ ಯೋಚ್ನೆ ಮಾಡಿ, ಗೂಗಲ್ ಟ್ರಾನ್ಸ್‌ಲೇಟಲ್ಲಿ ಹಾಕಿ, ಸ್ಪೀಕರ್ ಗುರುತು ಒತ್ತಿ ಕೇಳಿ, ಹೇಳಿ. "ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ." "ದ ರೋಡ್ ಅಹೆಡ್ ಈಸ್ ನ್ಯಾರೋ." ಬಾಬಾ ಬುಡನ್ ಅವರು ಯೆಮೆನ್ ಕಡೆಯಿಂದ ಏಳು ಕಾಫಿ ಬೀಜ ತಂದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ, ಅದನ್ನ ಐದೇ ವಾಕ್ಯದ ಇಂಗ್ಲಿಷಲ್ಲಿ ಹೇಳೋ ಹಾಗೆ ಮಾಡ್ಕೊಳ್ಳಿ, ದಿನಾ ಹೊಸ ಹೊಸ ಜನರಿಗೆ ಅದೇ ಕಥೆ ಹೇಳ್ತಾ ಹೇಳ್ತಾ ನಾಲಿಗೆ ತಿರುಗುತ್ತೆ. ಇಷ್ಟು ಒಳ್ಳೇ ಅಭ್ಯಾಸ ನಮ್ಮ ಕಾಲೇಜು ಮಕ್ಕಳಿಗೂ ಸಿಗಲ್ಲ.

ಗಾಡಿ ನಿಲ್ಲಿಸಿ ಕಾಯೋ ಹೊತ್ತಲ್ಲಿ ಫೋನಲ್ಲಿ ಗೂಗಲ್ಲಿನ ಮಾತಾಡೋ ಎಐ ಜೆಮಿನಿ ಲೈವ್ ಜೊತೆ ಮಾತಾಡಿ, ಅದಕ್ಕೆ ಕನ್ನಡನೂ ಬರುತ್ತೆ. "ನೀನು ಟೂರಿಸ್ಟ್, ನಾನು ಡ್ರೈವರ್, ಇಂಗ್ಲಿಷಲ್ಲಿ ಪ್ರಶ್ನೆ ಕೇಳು, ನಾನು ತಪ್ಪು ಹೇಳಿದ್ರೆ ನಿಲ್ಲಿಸಿ ಸರಿ ಮಾಡು" ಅಂತ ಕನ್ನಡದಲ್ಲೇ ಹೇಳಿ. ಸರಿ ಮಾಡು ಅಂತ ಹೇಳಲೇಬೇಕು, ಇಲ್ದಿದ್ರೆ ತಪ್ಪನ್ನೂ ಚೆನ್ನಾಗಿದೆ ಅಂತ ಮುಂದೆ ಹೋಗ್ಬಿಡುತ್ತೆ.

ಪ್ರಶ್ನೆ, ಅರಸೀಕೆರೆಯವರು: ವಾಯ್ಸ್ ಟೈಪಿಂಗಲ್ಲಿ ನಾನು ಹೇಳಿದ್ದು ಸರಿಯಾಗಿ ಬರೆದ್ರೆ ಉಚ್ಚಾರಣೆ ಸರಿ ಇದೆ ಅಂತ ತಾನೇ?

ಉತ್ತರ, ಉಪನ್ಯಾಸಕಿ: ಪೂರ್ತಿ ಹಾಗೆ ಅಲ್ಲ. ಇಂಗ್ಲಿಷ್ ಇಂಡಿಯಾ ಅಂತ ಸೆಟ್ ಆಗಿದ್ರೆ ಅದು ನಮ್ಮ ಮಾತಿಗೆ ಒಗ್ಗಿಕೊಂಡಿರುತ್ತೆ, ನಾವು "ಎಂಡ್"ಗೆ "ಯೆಂಡ್" ಅಂದ್ರೂ "ಓನ್ಲಿ"ಗೆ "ವೋನ್ಲಿ" ಅಂದ್ರೂ ಸರಿಯಾಗೇ ಬರೆಯುತ್ತೆ. ವಾಕ್ಯ ತಡವರಿಸದೆ ಬರುತ್ತಾ ನೋಡೋಕೆ ಮಾತ್ರ ಬಳಸಿ. ನಮ್ಮ ಕನ್ನಡದ ಎಳೆ ಇಂಗ್ಲಿಷಲ್ಲಿ ಉಳಿದ್ರೆ ನಾಚಿಕೆ ಪಡೋದು ಏನೂ ಇಲ್ಲ, ಎದುರಿನವರಿಗೆ ಅರ್ಥ ಆಗ್ಬೇಕು ಅಷ್ಟೇ.

ಪ್ರಶ್ನೆ, ಹಾಸನದ ವಿದ್ಯಾರ್ಥಿ: ಸೆಕೆಂಡ್ ಹ್ಯಾಂಡ್ ಐಫೋನ್ ತಗೊಂಡ್ರೆ ಹೇಗೆ ಸರ್? ಮತ್ತೆ ಮೇಡಂ, ಡಿಕ್ಷನರಿ ಯಾವುದು ಇಟ್ಕೊಳ್ಳಲಿ?

ಉತ್ತರ, ಮೊಬೈಲ್ ಸರ್ವಿಸ್: ಬಿಲ್ ಇಲ್ಲದೆ ಬೇಡ. *#06# ಒತ್ತಿದ್ರೆ ಐಎಂಇಐ, ಅಂದ್ರೆ ಆ ಫೋನಿನದೇ ಗುರುತಿನ ನಂಬರ್ ಬರುತ್ತೆ, ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಅಂತ ಹಾಕಿ ಜಾಗ ಬಿಟ್ಟು ಆ ನಂಬರ್ ಬರೆದು 14422ಗೆ ಎಸ್‌ಎಂಎಸ್ ಮಾಡಿ, ಬ್ಲಾಕ್ ಆಗಿರೋ ಫೋನಾದ್ರೆ ಗೊತ್ತಾಗುತ್ತೆ. ಬ್ಯಾಟರಿ ಹೆಲ್ತ್ ಸೆಟ್ಟಿಂಗ್ಸಲ್ಲಿ ನೋಡಿ, ಸ್ಕ್ರೀನಿನ ನಾಲ್ಕೂ ಮೂಲೇಲಿ ಒಂದು ಐಕಾನ್ ಎಳೆದು ನೋಡಿ, ಡೂಪ್ಲಿಕೇಟ್ ಸ್ಕ್ರೀನ್ ಹಾಕಿದ್ರೆ ಎಷ್ಟೋ ಸಲ ಮೂಲೇಲೇ ಟಚ್ ತಪ್ಪುತ್ತೆ.

ಉತ್ತರ, ಉಪನ್ಯಾಸಕಿ: ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಆನ್‌ಲೈನಲ್ಲಿ ಫ್ರೀ ಇದೆ, ಪ್ರತಿ ಪದಕ್ಕೂ ಬ್ರಿಟಿಷ್ ಅಮೆರಿಕನ್ ಎರಡೂ ಉಚ್ಚಾರಣೆ ಕೇಳಬಹುದು, ಮೊದಲು ಕಲಿಯಬೇಕಾದ 3000 ಪದಗಳ ಪಟ್ಟೀನೂ ಅಲ್ಲೇ ಇದೆ. ಕನ್ನಡ ಪದ ಗೊತ್ತಿದ್ದು ಇಂಗ್ಲಿಷ್ ಹೊಳೀದೆ ಇದ್ದಾಗ ವಿ. ಕೃಷ್ಣ ಅವರ ಅಲರ್ ಅನ್ನೋ ಆನ್‌ಲೈನ್ ಕನ್ನಡ–ಇಂಗ್ಲಿಷ್ ನಿಘಂಟು ನೋಡಿ, ದಶಕಗಟ್ಟಲೆ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಬರೆದು 2019ರಲ್ಲಿ ಎಲ್ಲರಿಗೂ ಫ್ರೀಯಾಗಿ ಬಿಟ್ಟಿದ್ದಾರೆ. ಹುಡುಕಿದ ಪದನ ಬರೀ ಅರ್ಥ ನೋಡಿ ಬಿಡ್ಬೇಡ ಕಣಪ್ಪ, ಅದನ್ನ ಹಾಕಿ ನಿನ್ನದೇ ಒಂದು ವಾಕ್ಯ ಬರೆದು ಇಲ್ಲಿ ಹಾಕು, ನಾನು ತಿದ್ದಿ ಕೊಡ್ತೀನಿ.